ಸಂಖ್ಯೆ ಹೇಳಿ, ಎಷ್ಟು ತಪ್ಪಿರಬಹುದು ಅಂತಲೂ ಹೇಳಿ: ಖಭೌತ ವಿಜ್ಞಾನದ ಆನರ್ಸ್ ಓದಿನ ಬಗ್ಗೆ

(ಪದವಿಗೆ ಸೇರಲಿರುವ ವಿದ್ಯಾರ್ಥಿಗಳಿಗೂ ಅವರ ಮನೆಯವರಿಗೂ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಪರದೆಯ ಮೇಲೆ ತೋರಿಸಿದ ಚಿತ್ರಗಳು ಇಲ್ಲಿಲ್ಲ. ಅವು ಇದ್ದ ಕಡೆ ಒಂದೆರಡು ಮಾತು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಖಭೌತ ವಿಜ್ಞಾನ (ಆಸ್ಟ್ರೋಫಿಸಿಕ್ಸ್) ಓದಬೇಕು ಅಂತ ಬರುವವರನ್ನು ಯಾಕೆ ಅಂತ ಕೇಳಿ ನೋಡಿ. ಅರ್ಧಕ್ಕರ್ಧ ಜನ ಕಪ್ಪುಕುಳಿಯ ಹೆಸರು ಹೇಳುತ್ತಾರೆ. ಉಳಿದವರು ಚಿಕ್ಕಂದಿನಿಂದ ನಕ್ಷತ್ರ ನೋಡುವ ಹುಚ್ಚು ಅನ್ನುತ್ತಾರೆ. ಎರಡೂ ಒಳ್ಳೆಯ ಕಾರಣಗಳೇ. ಆದರೆ ಸೇರಿದ ಮೇಲೆ ಬೇಜಾರಾಗಬಾರದು ನೋಡಿ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಈ ಓದಿನಲ್ಲಿ ಆಕಾಶ ನೋಡುವ ಕೆಲಸ ಬಹಳ ಕಡಿಮೆ. ದೊಡ್ಡ ದೂರದರ್ಶಕಗಳಲ್ಲಿ ಕಣ್ಣಿಟ್ಟು ನೋಡುವ ಜಾಗವೇ ಇರುವುದಿಲ್ಲ. ಅಲ್ಲಿ ಕ್ಯಾಮೆರಾ ಇರುತ್ತದೆ, ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ಉಪಕರಣ ಇರುತ್ತದೆ. ನಿಮ್ಮ ಕೈಗೆ ಬರುವುದು ಸಂಖ್ಯೆಗಳ ಸಾಲು. ಸಾವಿರಾರು ಸಾಲು.

ಹಾಗಾದರೆ ಕಲಿಯುವುದೇನು? ಮುಟ್ಟಲು ಆಗದ, ಹತ್ತಿರ ಹೋಗಲೂ ಆಗದ ವಸ್ತುವಿನ ಬಗ್ಗೆ ಒಂದು ಸಂಖ್ಯೆ ಹೇಳುವುದನ್ನು ಕಲಿಯುತ್ತೀರಿ. ಆ ಸಂಖ್ಯೆ ಎಷ್ಟು ತಪ್ಪಿರಬಹುದು ಅಂತ ಹೇಳುವುದನ್ನೂ ಕಲಿಯುತ್ತೀರಿ. ಎರಡನೆಯದು ಜಾಸ್ತಿ ಕಷ್ಟ. ಆನರ್ಸ್ ಅನ್ನುವುದೇ ಮುಖ್ಯವಾಗಿ ಆ ಎರಡನೆಯದಕ್ಕೆ ಅಂತ ನಾನು ನಂಬಿದ್ದೇನೆ. ಇವತ್ತು ಮಾತಾಡುವುದೆಲ್ಲ ಅದರ ಸುತ್ತಲೇ.

ಆನರ್ಸ್ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಆಸ್ಟ್ರೇಲಿಯಾದಲ್ಲಿ ಸಾಮಾನ್ಯವಾಗಿ 3 ವರ್ಷದ ಪದವಿ ಮುಗಿಸಿ, ಮೇಲೆ ಒಂದು ವರ್ಷ ಪೂರ್ತಿ ಆನರ್ಸ್ ಮಾಡುತ್ತಾರೆ. ಬ್ರಿಟನ್ನಿನಲ್ಲಿ ಪದವಿಗೇ ಆನರ್ಸ್ ಅಂಟಿಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ ಹೆಚ್ಚಾಗಿ 3 ವರ್ಷ, ಸ್ಕಾಟ್ಲೆಂಡಿನಲ್ಲಿ 4. ಅಮೆರಿಕದ ಅನೇಕ ಕಡೆ ಕೊನೆಯ ವರ್ಷ ಥೀಸಿಸ್ ಬರೆದವರಿಗೆ ಆ ಮನ್ನಣೆ. ಭಾರತದಲ್ಲಿ 2020ರ ಶಿಕ್ಷಣ ನೀತಿ ಬಂದ ಮೇಲೆ ನಾಲ್ಕನೇ ವರ್ಷಕ್ಕೆ ಆ ಹೆಸರು. ಹೊರಗಿನ ಏರ್ಪಾಡು ಏನೇ ಇರಲಿ, ಒಳಗೆ ಇರುವುದು ಇಷ್ಟು: ಮೇಲ್ಮಟ್ಟದ ಕೋರ್ಸುಗಳು, ಒಬ್ಬ ಗೈಡ್, ಒಂದು ಪ್ರಾಜೆಕ್ಟ್, ಒಂದು ಥೀಸಿಸ್, ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ.

ಮೊದಲ ವರ್ಷಗಳು

ಮೊದಲ ಎರಡು ವರ್ಷ ಓದುವುದು ಪಕ್ಕದ ಭೌತಶಾಸ್ತ್ರದವರು ಓದುವುದನ್ನೇ. ಮೆಕ್ಯಾನಿಕ್ಸ್, ವಿದ್ಯುತ್ಕಾಂತತೆ, ಥರ್ಮೋಡೈನಾಮಿಕ್ಸ್, ಕ್ವಾಂಟಮ್ ಮೆಕ್ಯಾನಿಕ್ಸ್, ಜೊತೆಗೆ ಗಣಿತ. ನಕ್ಷತ್ರದ ಸುದ್ದಿಯೇ ಇಲ್ಲವಲ್ಲ ಅಂತ ಗೊಣಗುವವರು ಪ್ರತಿ ಬ್ಯಾಚಿನಲ್ಲೂ ಇರುತ್ತಾರೆ. ಇದು ಯಾಕೆ ಬೇಕು ಅಂತ ತೋರಿಸಲು ಒಂದು ಲೆಕ್ಕ ಮಾಡೋಣ. ಪೆನ್ನು ಪೇಪರ್ ಇದ್ದರೆ ತೆಗೆದುಕೊಳ್ಳಿ.

ಸೂರ್ಯನ ದ್ರವ್ಯರಾಶಿ 2ರ ಮುಂದೆ 30 ಸೊನ್ನೆ ಹಾಕಿದಷ್ಟು ಕಿಲೋಗ್ರಾಂ. ಅದು ಹೊರಹಾಕುವ ಶಕ್ತಿ 38ರ ಮುಂದೆ 25 ಸೊನ್ನೆ ಹಾಕಿದಷ್ಟು ವ್ಯಾಟ್. ಎರಡೂ ಭಯಂಕರ ಸಂಖ್ಯೆಗಳು. ಈಗ ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಒಂದು ಕಿಲೋಗ್ರಾಂ ಸೂರ್ಯನಿಂದ ಬರುವುದು ಸುಮಾರು 0.0002 ವ್ಯಾಟ್. ನೀವು ಸುಮ್ನೆ ಕೂತಿದ್ದಾಗ ನಿಮ್ಮ ಮೈಯಿಂದ ಹೊರಡುವ ಶಾಖ ಸುಮಾರು 100 ವ್ಯಾಟ್. 70 ಕಿಲೋ ತೂಕದವರಾದರೆ ಕಿಲೋಗೆ 1.4 ವ್ಯಾಟ್. ಅಂದರೆ ಕಿಲೋಗೆ ಕಿಲೋ ಹೋಲಿಸಿದರೆ, ಈ ಸಭಾಂಗಣದಲ್ಲಿ ತೂಕಡಿಸುತ್ತಿರುವವರು ಕೂಡ ಸೂರ್ಯನಿಗಿಂತ 7,000 ಪಟ್ಟು ಬಿಸಿ ಹೊರಹಾಕುತ್ತಿದ್ದಾರೆ. (ನಗು.) ಸೂರ್ಯ ಅಷ್ಟೊಂದು ಉರಿಯುವುದು ಅದರ ಗಾತ್ರದಿಂದ. ಉರಿಯ ರಭಸದಿಂದ ಅಲ್ಲ.

ಮುಂದಿನ ಪ್ರಶ್ನೆ: ಇಷ್ಟು ನಿಧಾನ ಉರಿಯುವ ಸೂರ್ಯ ಎಷ್ಟು ಕಾಲ ಉರಿಯಬಹುದು? ಇಡೀ ಸೂರ್ಯ ಕಲ್ಲಿದ್ದಲು ಅಂದುಕೊಳ್ಳಿ. ಒಂದು ಕಿಲೋ ಕಲ್ಲಿದ್ದಲಿಗೆ 3 ಕೋಟಿ ಜೂಲ್. ಗುಣಿಸಿ ಭಾಗಿಸಿದರೆ 5,000 ವರ್ಷ ಬರುತ್ತದೆ. ಮನುಷ್ಯರು ಬೇಸಾಯ ಶುರು ಮಾಡಿದ್ದೇ ಅದಕ್ಕಿಂತ ಹಿಂದೆ. ಹಾಗಾಗಿ ಕಲ್ಲಿದ್ದಲು ಅಲ್ಲ. 19ನೇ ಶತಮಾನದಲ್ಲಿ ಹೆಲ್ಮ್‌ಹೋಲ್ಟ್ಸ್ ಮತ್ತು ಕೆಲ್ವಿನ್ ಇನ್ನೊಂದು ದಾರಿ ಹುಡುಕಿದರು. ಸೂರ್ಯ ತನ್ನ ಭಾರಕ್ಕೇ ಕುಗ್ಗುತ್ತಾ ಹೋದರೆ ಗುರುತ್ವದ ಶಕ್ತಿ ಬಿಸಿಯಾಗಿ ಹೊರಬರುತ್ತದೆ. ಆ ಲೆಕ್ಕ ಹಾಕಿದರೆ ಸುಮಾರು 3 ಕೋಟಿ ವರ್ಷ. ಎಷ್ಟೋ ಉತ್ತಮ. ಆದರೆ ಬಂಡೆಗಳನ್ನು ಅಧ್ಯಯನ ಮಾಡುವವರು, ಜೀವವಿಕಾಸದ ಬಗ್ಗೆ ಯೋಚಿಸುವವರು ಒಪ್ಪಲಿಲ್ಲ. ಅವರಿಗೆ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಕಾಲ ಬೇಕಿತ್ತು. ಕೆಲ್ವಿನ್ನರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರಿಗೆ ಗೊತ್ತೇ ಇಲ್ಲದ ಒಂದು ಶಕ್ತಿಮೂಲ ಇತ್ತು, ಅಷ್ಟೇ. 1920ರಲ್ಲಿ ಎಡಿಂಗ್ಟನ್ ಅದನ್ನು ಸೂಚಿಸಿದರು: ನಾಲ್ಕು ಹೈಡ್ರೋಜನ್ ಸೇರಿ ಒಂದು ಹೀಲಿಯಂ ಆದಾಗ ದ್ರವ್ಯರಾಶಿಯ 0.7 ಶೇಕಡಾ ಶಕ್ತಿಯಾಗುತ್ತದೆ. ಸೂರ್ಯನ ಹತ್ತನೇ ಒಂದು ಭಾಗ ಹೀಗೆ ಬದಲಾದರೂ 1,000 ಕೋಟಿ ವರ್ಷ ಸಾಕಾಗುತ್ತದೆ.

ಗಮನಿಸಿ, ನಾವು ಮಾಡಿದ್ದು ಗುಣಾಕಾರ ಭಾಗಾಕಾರ ಮಾತ್ರ. ಆದರೆ ಆ ಮೂರು ಸಾಲಿನ ಹಿಂದೆ ರಸಾಯನಶಾಸ್ತ್ರ, ಗುರುತ್ವ, ಪರಮಾಣು ಭೌತಶಾಸ್ತ್ರ ಒಂದೊಂದಾಗಿ ನಿಂತಿವೆ. ಸೊನ್ನೆಗಳನ್ನು ಸರಿಯಾಗಿ ಎಣಿಸಿದರೆ ಸಾಕು, ಮುಂದಿರುವ ಅಂಕೆ 3 ಇದೆಯೋ 5 ಇದೆಯೋ ಅನ್ನುವುದು ಆಮೇಲಿನ ಮಾತು. ಈ ಥರ ಒರಟು ಲೆಕ್ಕ ಹಾಕಿ ಒಂದು ಯೋಚನೆಯನ್ನು ಐದು ನಿಮಿಷದಲ್ಲಿ ಹೊಡೆದುಹಾಕುವುದನ್ನು ಮೊದಲ ವರ್ಷಗಳಲ್ಲೇ ರೂಢಿ ಮಾಡಿಸುತ್ತಾರೆ. ನನಗೆ ಈ ಇಡೀ ಓದಿನಲ್ಲಿ ಅತ್ಯಂತ ಇಷ್ಟವಾದ ಭಾಗ ಇದೇ.

ಇನ್ನು ಅಳತೆಗಳ ವಿಷಯ. ಇಲ್ಲಿ ಸ್ವಲ್ಪ ತಾಳ್ಮೆ ಬೇಕು. ನಕ್ಷತ್ರ ಎಷ್ಟು ಪ್ರಕಾಶ ಅಂತ ಹೇಳುವ ಅಂಕಕ್ಕೆ ಕಾಂತಿಮಾನ ಅನ್ನುತ್ತಾರೆ. ಅದು ಕಡಿಮೆ ಇದ್ದಷ್ಟೂ ನಕ್ಷತ್ರ ಜಾಸ್ತಿ ಪ್ರಕಾಶ. 5 ಅಂಕ ವ್ಯತ್ಯಾಸ ಅಂದರೆ 100 ಪಟ್ಟು. 1856ರಲ್ಲಿ ಪಾಗ್ಸನ್ ಹೀಗೆ ಲೆಕ್ಕ ಕಟ್ಟಿಕೊಟ್ಟರು, ಹಳೆಯ ಗ್ರೀಕ್ ಪದ್ಧತಿಗೆ ಹೊಂದುವಂತೆ. ಎಲ್ಲರೂ ಮೀಟರ್, ಜೂಲ್ ಅನ್ನುವ ಕಾಲದಲ್ಲಿ ನಮ್ಮವರು ಇನ್ನೂ ಸೆಂಟಿಮೀಟರ್, ಅರ್ಗ್ ಬಿಟ್ಟಿಲ್ಲ. ಯಾಕೆ ಅಂತ ಕೇಳಬೇಡಿ. ಒಗ್ಗಿಹೋಗುತ್ತದೆ.

ಬೆಳಕು ಹೇಳುವುದು, ನಾವು ಕೇಳಿಸಿಕೊಳ್ಳುವುದು

1835ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ಆಗಸ್ಟ್ ಕಾಂಟ್, ನಕ್ಷತ್ರಗಳು ಏನರಿಂದ ಆಗಿವೆ ಅಂತ ನಮಗೆ ಎಂದೂ ಗೊತ್ತಾಗುವುದಿಲ್ಲ ಎಂದು ಬರೆದರು. ಪಾಪ, ಅವರ ಕಾಲಕ್ಕೆ ಆಗಲೇ ಸುಳಿವು ಸಿಕ್ಕಿತ್ತು. 1814ರಲ್ಲೇ ಫ್ರೌನ್‌ಹೋಫರ್ ಸೂರ್ಯನ ಬೆಳಕಿನ ರೋಹಿತದಲ್ಲಿ (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕಿನ ಪಟ್ಟಿಯಲ್ಲಿ) 570ಕ್ಕೂ ಹೆಚ್ಚು ಕಪ್ಪು ಗೆರೆಗಳನ್ನು ಎಣಿಸಿದ್ದರು. 1859ರ ಹೊತ್ತಿಗೆ ಕಿರ್ಕಾಫ್ ಮತ್ತು ಬುನ್ಸೆನ್ ಆ ಗೆರೆಗಳ ಗುಟ್ಟು ಬಿಡಿಸಿದರು. ಪ್ರತಿ ಮೂಲವಸ್ತುವಿಗೂ ಅದರದೇ ಗೆರೆಗಳು.

ಹಾಗಾದರೆ ಯಾವ ಗೆರೆ ದಟ್ಟವೋ ಆ ವಸ್ತು ಜಾಸ್ತಿ, ಅಲ್ವಾ? ಎಲ್ಲರೂ ಹಾಗೇ ಅಂದುಕೊಂಡಿದ್ದರು. ಸೂರ್ಯನಲ್ಲಿ ಕ್ಯಾಲ್ಸಿಯಂ, ಕಬ್ಬಿಣದ ಗೆರೆಗಳು ದಟ್ಟವಾಗಿವೆ. ಹಾಗಾಗಿ ಸೂರ್ಯನೂ ಭೂಮಿಯಂಥದ್ದೇ, ಕಾದಿದೆ ಅಷ್ಟೇ ಅನ್ನುವ ನಂಬಿಕೆ ಇತ್ತು. 1920ರಲ್ಲಿ ಮೇಘನಾದ ಸಾಹಾ ಒಂದು ಸಮೀಕರಣ ಕೊಟ್ಟರು. ಇಂತಿಷ್ಟು ಉಷ್ಣತೆಯಲ್ಲಿ, ಇಂತಿಷ್ಟು ಒತ್ತಡದಲ್ಲಿ ಎಷ್ಟು ಪರಮಾಣುಗಳು ಎಲೆಕ್ಟ್ರಾನ್ ಕಳೆದುಕೊಂಡಿರುತ್ತವೆ ಅಂತ ಅದು ಹೇಳುತ್ತದೆ. ಗೆರೆ ದಟ್ಟವಾಗಿರುವುದು ವಸ್ತು ಎಷ್ಟಿದೆ ಅನ್ನುವುದರಿಂದ ಮಾತ್ರ ಅಲ್ಲ, ಉಷ್ಣತೆಯಿಂದ ಕೂಡ ಅಂತ ಆಗ ಸ್ಪಷ್ಟವಾಯಿತು.

ಇದನ್ನು ಹಿಡಿದು ಕೂತವರು ಸಿಸಿಲಿಯಾ ಪೇನ್. ಆಗ ಅವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದರು. ಲೆಕ್ಕ ಹಾಕಿದಾಗ ಅವರಿಗೆ ಸಿಕ್ಕ ಉತ್ತರ ವಿಚಿತ್ರವಾಗಿತ್ತು. ನಕ್ಷತ್ರಗಳಲ್ಲಿ ಹೈಡ್ರೋಜನ್ ಬೇರೆಲ್ಲದಕ್ಕಿಂತ ವಿಪರೀತ ಜಾಸ್ತಿ, ಆಮೇಲೆ ಹೀಲಿಯಂ. ಆ ಕಾಲದ ದೊಡ್ಡ ಖಗೋಳ ವಿಜ್ಞಾನಿ ಹೆನ್ರಿ ನಾರಿಸ್ ರಸೆಲ್ ಇದು ಸಾಧ್ಯವೇ ಇಲ್ಲ ಅಂದರು. 1925ರ ಥೀಸಿಸ್‌ನಲ್ಲಿ ಪೇನ್ ತಮ್ಮದೇ ಸಂಖ್ಯೆಯ ಪಕ್ಕದಲ್ಲಿ ಇದು ಬಹುಶಃ ನಿಜವಲ್ಲ ಎಂಬ ಅರ್ಥದ ಮಾತು ಸೇರಿಸಬೇಕಾಯಿತು. ನಾಲ್ಕು ವರ್ಷ ಕಳೆದು, 1929ರಲ್ಲಿ, ರಸೆಲ್ ಬೇರೆ ದಾರಿಯಿಂದ ಅದೇ ಉತ್ತರಕ್ಕೆ ಬಂದರು. ಪೇನ್ ಹೇಳಿದ್ದು ಸರಿ ಅಂತ ಒಪ್ಪಿಕೊಂಡರು.

ಈ ಕಥೆಯನ್ನು ಸಾಮಾನ್ಯವಾಗಿ ಹಿರಿಯರು ಕಿರಿಯರ ಬಾಯಿ ಮುಚ್ಚಿಸಿದ ಕಥೆ ಅಂತ ಹೇಳುತ್ತಾರೆ. ಅದು ನಿಜವೇ. ಆದರೆ ಥೀಸಿಸ್ ಮಾಡುವವರಿಗೆ ಇದರಲ್ಲಿ ಇನ್ನೊಂದು ವಿಷಯ ಇದೆ. ಪೇನ್ ಆ ಸಂಖ್ಯೆಯನ್ನು ಪಟ್ಟಿಯಿಂದ ತೆಗೆದುಹಾಕಲಿಲ್ಲ. ಅನುಮಾನವನ್ನು ಬರೆದರು, ಸಂಖ್ಯೆಯನ್ನೂ ಉಳಿಸಿದರು. ಗೈಡ್‌ಗೆ ಇಷ್ಟವಾಗದ ಬಿಂದುವನ್ನು ಗ್ರಾಫಿನಿಂದ ಮೆಲ್ಲಗೆ ಅಳಿಸುವ ಆಸೆ ನಿಮಗೂ ಬರುತ್ತದೆ. ಆಗ ನೆನಪಿರಲಿ.

ಪ್ರಾಜೆಕ್ಟ್ ಅಂದರೆ ಏನು

ಈಗ ಆನರ್ಸ್ ವರ್ಷಕ್ಕೆ ಬರೋಣ. ಪ್ರಾಜೆಕ್ಟ್ ಅಂದರೆ ಹೊಸ ಗ್ರಹ ಕಂಡುಹಿಡಿಯುವುದು ಅಂತ ಕೆಲವರು ಅಂದುಕೊಂಡಿರುತ್ತಾರೆ. ಹಾಗಲ್ಲ. ಒಂದು ಮಾದರಿ ಕೆಲಸ ಹೇಳುತ್ತೇನೆ: ಕೃತ್ತಿಕೆ ಎಷ್ಟು ದೂರದಲ್ಲಿದೆ?

ಕೃತ್ತಿಕೆ ನಿಮಗೆಲ್ಲ ಗೊತ್ತು. ಬರಿಗಣ್ಣಿಗೆ ಆರೇಳು ಚುಕ್ಕಿ ಕಾಣುವ ಗುಂಪು. ನಿಜಕ್ಕೂ ಅದರಲ್ಲಿ 1,000ಕ್ಕೂ ಹೆಚ್ಚು ನಕ್ಷತ್ರಗಳಿವೆ. ಎಲ್ಲವೂ ಒಂದೇ ಮೋಡದಿಂದ ಹುಟ್ಟಿದವು, ವಯಸ್ಸು 10 ಕೋಟಿ ವರ್ಷದ ಆಸುಪಾಸು. ಇಷ್ಟು ಹೆಸರಾದ ಗುಂಪಿನ ದೂರ ಯಾವಾಗಲೋ ಗೊತ್ತಾಗಿರಬೇಕು ಅನಿಸುತ್ತದೆ. ಆದರೆ ಈ ಒಂದು ಸಂಖ್ಯೆಗೆ ಹದಿನೈದು ಇಪ್ಪತ್ತು ವರ್ಷ ಜಗಳ ನಡೆದಿದೆ.

ದೂರ ಅಳೆಯುವ ನೇರ ದಾರಿ ಪ್ಯಾರಲಾಕ್ಸ್. ಕೈಚಾಚಿ ಹೆಬ್ಬೆರಳು ಹಿಡಿದು ಒಮ್ಮೆ ಎಡಗಣ್ಣು, ಒಮ್ಮೆ ಬಲಗಣ್ಣು ಮುಚ್ಚಿ ನೋಡಿ. ಬೆರಳು ಅತ್ತಿತ್ತ ಜರುಗಿದ ಹಾಗೆ ಕಾಣುತ್ತದೆ. ಬೆರಳು ದೂರ ಹೋದಷ್ಟೂ ಜರುಗುವುದು ಕಡಿಮೆ. ನಮ್ಮ ಎರಡು ಕಣ್ಣುಗಳೆಂದರೆ ಸೂರ್ಯನ ಸುತ್ತ ಭೂಮಿ ಆರು ತಿಂಗಳ ಅಂತರದಲ್ಲಿ ಇರುವ ಎರಡು ಜಾಗ. ಕೃತ್ತಿಕೆಯ ಪ್ಯಾರಲಾಕ್ಸ್ ಸುಮಾರು 7.4 ಮಿಲಿ ಆರ್ಕ್‌ಸೆಕೆಂಡ್. ಒಂದು ಡಿಗ್ರಿಯನ್ನು 3,600 ಭಾಗ ಮಾಡಿ. ಅದರ ಒಂದು ಭಾಗವನ್ನು ಮತ್ತೆ 1,000 ಭಾಗ ಮಾಡಿ. ಅಂಥ 7.4 ಭಾಗ.

1989ರಲ್ಲಿ ಹಾರಿದ ಹಿಪ್ಪಾರ್ಕಸ್ ಉಪಗ್ರಹ ಇದನ್ನು ಅಳೆಯಿತು. 1997ರಲ್ಲಿ ಫಲಿತಾಂಶ ಬಂತು: ಸುಮಾರು 118 ಪಾರ್ಸೆಕ್, ಅಂದರೆ 385 ಜ್ಯೋತಿರ್ವರ್ಷ. ಬೇರೆ ವಿಧಾನಗಳಿಂದ ಬರುತ್ತಿದ್ದುದು 130ಕ್ಕಿಂತ ಹೆಚ್ಚು ಪಾರ್ಸೆಕ್. ಹತ್ತು ಶೇಕಡಾ ವ್ಯತ್ಯಾಸ ಏನು ಮಹಾ ಅನ್ನಬೇಡಿ. ಕೃತ್ತಿಕೆ ಅಷ್ಟು ಹತ್ತಿರ ಇದ್ದರೆ ಅದರ ನಕ್ಷತ್ರಗಳು ನಿಜದಲ್ಲಿ ಮಂದ ಅಂತಾಗುತ್ತದೆ. ನಕ್ಷತ್ರಗಳು ಹೇಗೆ ಉರಿಯುತ್ತವೆ ಅನ್ನುವ ನಮ್ಮ ತಿಳುವಳಿಕೆಯನ್ನೇ ತಿದ್ದಬೇಕಾಗುತ್ತದೆ. ಒಂದೋ ಸಿದ್ಧಾಂತ ತಪ್ಪು, ಇಲ್ಲ ಉಪಗ್ರಹ ತಪ್ಪು. 2014ರಲ್ಲಿ ದೂರದೂರದ ರೇಡಿಯೋ ದೂರದರ್ಶಕಗಳನ್ನು ಒಟ್ಟು ಸೇರಿಸಿ ಅಳೆದಾಗ 136 ಪಾರ್ಸೆಕ್ ಬಂತು. 2013ರ ಕೊನೆಗೆ ಹಾರಿದ ಗಾಯಾ ಉಪಗ್ರಹದ ಅಳತೆಯೂ ಅದಕ್ಕೆ ಹತ್ತಿರವೇ ಬಂತು. ಸುಮಾರು 440 ಜ್ಯೋತಿರ್ವರ್ಷ.

ಉತ್ತರ ಗೊತ್ತಾಗಿರುವ ಪ್ರಶ್ನೆಯನ್ನು ವಿದ್ಯಾರ್ಥಿಗೆ ಯಾಕೆ ಕೊಡುವುದು? ಕೂತು ಮಾಡಿ ನೋಡಿದರೆ ಗೊತ್ತಾಗುತ್ತದೆ. ಗಾಯಾದ ಡೇಟಾ ಎಲ್ಲರಿಗೂ ತೆರೆದಿದೆ. 2022ರಲ್ಲಿ ಬಂದ ಮೂರನೇ ಬಿಡುಗಡೆಯಲ್ಲಿ ಸುಮಾರು 180 ಕೋಟಿ ಕಾಯಗಳಿವೆ. ಕೃತ್ತಿಕೆಯ ಕಡೆಯ ಒಂದು ವೃತ್ತದೊಳಗೆ ಬರುವುದನ್ನೆಲ್ಲ ಇಳಿಸಿಕೊಂಡರೆ ಸಾವಿರಾರು ನಕ್ಷತ್ರ ಸಿಗುತ್ತವೆ. ಅವುಗಳಲ್ಲಿ ಹೆಚ್ಚಿನವು ಕೃತ್ತಿಕೆಯವೇ ಅಲ್ಲ. ಕೆಲವು ನಮ್ಮ ಹತ್ತಿರ ಇರುವವು, ಬಹಳಷ್ಟು ಅದರ ಹಿಂದೆ ದೂರದಲ್ಲಿರುವವು. ಬೇರ್ಪಡಿಸುವುದು ಹೇಗೆ? ಒಂದೇ ಗುಂಪಿನ ನಕ್ಷತ್ರಗಳು ಆಕಾಶದಲ್ಲಿ ಒಂದೇ ದಿಕ್ಕಿಗೆ, ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಸರಿಯುತ್ತವೆ. ಆ ಚಲನೆಯ ಗ್ರಾಫ್ ಹಾಕಿದರೆ ದೊಡ್ಡ ಗುಂಪಿನಿಂದ ದೂರದಲ್ಲಿ ಒಂದು ಸಣ್ಣ ದಟ್ಟ ಚುಕ್ಕೆ ಕಾಣುತ್ತದೆ. ಅದು ಕೃತ್ತಿಕೆ. (ಈ ಗ್ರಾಫನ್ನು ಪರದೆಯ ಮೇಲೆ ತೋರಿಸಿದಾಗ ಸಭೆಯಲ್ಲಿ ಒಂದು ಸಣ್ಣ ಉದ್ಗಾರ ಬಂತು.)

ಆ ಚುಕ್ಕೆಯ ಸುತ್ತ ಗೆರೆ ಎಲ್ಲಿ ಎಳೆಯುತ್ತೀರಿ? ಬಿಗಿಯಾಗಿ ಎಳೆದರೆ ನಿಜವಾದ ಸದಸ್ಯರು ತಪ್ಪಿಹೋಗುತ್ತಾರೆ. ಸಡಿಲ ಬಿಟ್ಟರೆ ಹೊರಗಿನವರು ನುಸುಳುತ್ತಾರೆ. ಇದಕ್ಕೆ ಪುಸ್ತಕದ ಹಿಂದೆ ಉತ್ತರ ಇಲ್ಲ. ನೀವೇ ತೀರ್ಮಾನಿಸಬೇಕು, ಕಾರಣ ಬರೆಯಬೇಕು, ಗೆರೆಯನ್ನು ಸ್ವಲ್ಪ ಅತ್ತಿತ್ತ ಮಾಡಿದರೆ ಉತ್ತರ ಎಷ್ಟು ಬದಲಾಗುತ್ತದೆ ಅಂತ ತೋರಿಸಬೇಕು.

ಆಮೇಲೆ ಪ್ಯಾರಲಾಕ್ಸ್ ಕಾಲಂ ನೋಡುತ್ತೀರಿ. ಕೆಲವು ಸಂಖ್ಯೆಗಳ ಹಿಂದೆ ಮೈನಸ್ ಇರುತ್ತದೆ. ದೂರ ಮೈನಸ್ ಆಗುವುದು ಹೇಗೆ ಅಂತ ವಿದ್ಯಾರ್ಥಿಗಳು ಗಾಬರಿಯಾಗುತ್ತಾರೆ. ಬಹಳ ದೂರದ ನಕ್ಷತ್ರದ ಪ್ಯಾರಲಾಕ್ಸ್ ಸೊನ್ನೆಗೆ ಹತ್ತಿರ. ಅಳತೆಯ ಏರುಪೇರು ಅದಕ್ಕಿಂತ ದೊಡ್ಡದಾದರೆ ಸಂಖ್ಯೆ ಸೊನ್ನೆಯ ಆಚೆಗೂ ಹೋಗಬಹುದು. ಅದು ಸರಿಯಾದ ಡೇಟಾವೇ. ಮೈನಸ್ ಇರುವುದನ್ನೆಲ್ಲ ಕಿತ್ತು ಬಿಸಾಡಿದರೆ ಉಳಿದವುಗಳ ಸರಾಸರಿ ಕೆಟ್ಟುಹೋಗುತ್ತದೆ.

ಇನ್ನೂ ಸೊಗಸಾದ ವಿಷಯ ಕ್ವೇಸಾರ್‌ಗಳದ್ದು. ಅವು ದೂರದ ಗ್ಯಾಲಕ್ಸಿಗಳ ಬಹಳ ಪ್ರಕಾಶದ ನಡುಭಾಗಗಳು, ನೂರಾರು ಕೋಟಿ ಜ್ಯೋತಿರ್ವರ್ಷ ದೂರದಲ್ಲಿವೆ. ಅವುಗಳ ಪ್ಯಾರಲಾಕ್ಸ್ ಸೊನ್ನೆಯೇ ಇರಬೇಕು. ಗಾಯಾ ತಂಡ ಲಕ್ಷಾಂತರ ಕ್ವೇಸಾರ್‌ಗಳನ್ನು ನೋಡಿದಾಗ ಸೊನ್ನೆ ಬರಲಿಲ್ಲ. ಮಧ್ಯದ ಬೆಲೆ ಮೈನಸ್ 0.017 ಮಿಲಿ ಆರ್ಕ್‌ಸೆಕೆಂಡ್ ಬಂತು. ಅಂದರೆ ಉಪಕರಣವೇ ಎಲ್ಲವನ್ನೂ ಚೂರು ಕಡಿಮೆ ತೋರಿಸುತ್ತಿದೆ. ಕೃತ್ತಿಕೆಯ 7.4ಕ್ಕೆ ಇದು ಲೆಕ್ಕಕ್ಕೇ ಇಲ್ಲ. ಆದರೆ 5,000 ಪಾರ್ಸೆಕ್ ದೂರದ ನಕ್ಷತ್ರಕ್ಕೆ, ಅದರ ಪ್ಯಾರಲಾಕ್ಸ್ 0.2 ಮಾತ್ರ, ಎಂಟು ಒಂಬತ್ತು ಶೇಕಡಾ ತಪ್ಪಾಗುತ್ತದೆ. ಎಷ್ಟೇ ನಕ್ಷತ್ರಗಳ ಸರಾಸರಿ ತೆಗೆದರೂ ಈ ತಪ್ಪು ಕರಗುವುದಿಲ್ಲ. ಎಲ್ಲವೂ ಒಂದೇ ಕಡೆಗೆ ವಾಲಿರುತ್ತವಲ್ಲ. ಇಂಥದ್ದು ಇದೆ ಅಂತ ಮೈಗೆ ಹತ್ತುವುದು ಇಂಥ ಪ್ರಾಜೆಕ್ಟಿನಲ್ಲಿ ಮಾತ್ರ.

ಕೊನೆಗೆ ಬಣ್ಣಕ್ಕೆ ಎದುರಾಗಿ ಪ್ರಕಾಶದ ಗ್ರಾಫ್ ಹಾಕುತ್ತೀರಿ. ನಕ್ಷತ್ರಗಳು ಒಂದು ಓರೆ ಸಾಲಿನಲ್ಲಿ ಬಂದು ಕೂರುತ್ತವೆ. ದಿಟ್ಟಿಸಿ ನೋಡಿದರೆ ಅದರ ಮೇಲೆ, ಅದಕ್ಕೆ ಸಮಾನಾಂತರವಾಗಿ, ಇನ್ನೊಂದು ತೆಳು ಸಾಲು. ಎರಡರ ನಡುವೆ 0.75 ಕಾಂತಿಮಾನ ಅಂತರ. ಅಂದರೆ ಸರಿಯಾಗಿ ಎರಡು ಪಟ್ಟು ಬೆಳಕು. ಅವು ಜೋಡಿ ನಕ್ಷತ್ರಗಳು, ಒಂದಕ್ಕೊಂದು ಅಂಟಿಕೊಂಡಷ್ಟು ಹತ್ತಿರ ಇರುವುದರಿಂದ ಒಂದೇ ಚುಕ್ಕೆಯಾಗಿ ಕಂಡಿವೆ. ಇದನ್ನು ಯಾರೂ ಹೇಳಿಕೊಡದೆ ತಾವೇ ಗುರುತಿಸಿದ ವಿದ್ಯಾರ್ಥಿಗಳಿಗೆ ಆವತ್ತು ಊಟ ನಿದ್ದೆ ಬೇಕಾಗುವುದಿಲ್ಲ.

ಗದ್ದಲ ಯಾವುದು, ಸುದ್ದಿ ಯಾವುದು

ಕೋಡ್ ಬಗ್ಗೆ ಎರಡೇ ಮಾತು. ಪೈಥಾನ್ ಕಲಿಯಿರಿ. ಆಸ್ಟ್ರೋಪೈ ಅನ್ನುವ ಸಲಕರಣೆ ಉಚಿತವಾಗಿದೆ. ಕೋಡ್ ಓಡಿತು ಅಂದ ಮಾತ್ರಕ್ಕೆ ಉತ್ತರ ಸರಿ ಅಂತಲ್ಲ. ಡಿಗ್ರಿ ಕೊಡಬೇಕಾದ ಕಡೆ ರೇಡಿಯನ್ ಕೊಟ್ಟರೂ ಅದು ಖುಷಿಯಾಗಿ ಓಡುತ್ತದೆ.

1967ರಲ್ಲಿ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡುತ್ತಿದ್ದ ಜೋಸಲಿನ್ ಬೆಲ್ ಮೀಟರುಗಟ್ಟಲೆ ಕಾಗದದ ಮೇಲೆ ಪೆನ್ನು ಗೀಚಿದ ಗೆರೆಗಳನ್ನು ಕಣ್ಣಲ್ಲೇ ನೋಡುತ್ತಿದ್ದರು. ಒಂದು ಕಡೆ ಅರ್ಧ ಇಂಚೂ ಇಲ್ಲದ ಒಂದು ಗೋಜಲು. ಮನುಷ್ಯರ ರೇಡಿಯೋ ಗದ್ದಲ ಅಂತ ಬಿಟ್ಟುಬಿಡಬಹುದಿತ್ತು. ಅವರು ಬಿಡಲಿಲ್ಲ. ಅದು ನಕ್ಷತ್ರಗಳ ಜೊತೆಗೇ ಹುಟ್ಟಿ ಮುಳುಗುತ್ತಿತ್ತು, 1.337 ಸೆಕೆಂಡಿಗೊಮ್ಮೆ ಮಿಡಿಯುತ್ತಿತ್ತು. ಮೊದಲ ಪಲ್ಸಾರ್, ಅಂದರೆ ತಿರುಗುತ್ತಾ ರೇಡಿಯೋ ಮಿಡಿತ ಕಳಿಸುವ ನಕ್ಷತ್ರ, ಸಿಕ್ಕಿದ್ದು ಹಾಗೆ.

ಇದರ ಉಲ್ಟಾ ಕಥೆಯೂ ಇದೆ. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕಕ್ಕೆ ವರ್ಷಗಳಿಂದ ವಿಚಿತ್ರ ಮಿಡಿತಗಳು ಬರುತ್ತಿದ್ದವು. ದೂರದ ಬ್ರಹ್ಮಾಂಡದಿಂದ ಬರುವ ಸಂಕೇತಗಳನ್ನು ಅವು ಸ್ವಲ್ಪ ಹೋಲುತ್ತಿದ್ದವು. 2015ರಲ್ಲಿ ಮೂಲ ಪತ್ತೆಯಾಯಿತು. ವೀಕ್ಷಣಾಲಯದ ಅಡುಗೆಮನೆಯ ಮೈಕ್ರೋವೇವ್ ಒಲೆ. ಅದು ನಿಲ್ಲುವ ಮೊದಲೇ ಯಾರೋ ಅವಸರದಲ್ಲಿ ಬಾಗಿಲು ತೆಗೆದಾಗ ಆ ಮಿಡಿತ ಹೊರಡುತ್ತಿತ್ತು. ಇದನ್ನು ಪತ್ತೆ ಮಾಡಿದ ತಂಡದ ಮುಂದಾಳು ಒಬ್ಬ ಪಿಎಚ್‌ಡಿ ವಿದ್ಯಾರ್ಥಿನಿ.

ಮೂರನೆಯದು ನನಗೆ ಎಲ್ಲಕ್ಕಿಂತ ಹತ್ತಿರವಾದದ್ದು. 1991ರಲ್ಲಿ ಆಂಡ್ರೂ ಲೈನ್ ಮತ್ತು ಅವರ ತಂಡ ಒಂದು ಪಲ್ಸಾರ್ ಸುತ್ತ ಗ್ರಹ ಕಂಡಿದೆ ಅಂತ ಪ್ರಕಟಿಸಿದರು. ಅದಕ್ಕೆ ಸುತ್ತುಬರಲು ಆರು ತಿಂಗಳು. ಆರು ತಿಂಗಳು ಅಂದ ಕೂಡಲೇ ಅನುಮಾನ ಬರಬೇಕು. ಭೂಮಿಯ ವರ್ಷದ ಸರಿ ಅರ್ಧ. ಭೂಮಿಯ ದಾರಿ ಪೂರ್ತಿ ವೃತ್ತವಲ್ಲ, ಸ್ವಲ್ಪ ಅಂಡಾಕಾರ. ಮಿಡಿತಗಳನ್ನು ಅಳೆಯುವ ನಾವೇ ಭೂಮಿಯ ಜೊತೆ ಚಲಿಸುತ್ತಿರುವುದರಿಂದ ಅದನ್ನು ತಿದ್ದಿಕೊಳ್ಳಬೇಕು. ಆ ತಿದ್ದುಪಡಿ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. 1992ರ ಜನವರಿಯಲ್ಲಿ ಅಮೆರಿಕದ ಖಗೋಳ ವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಗ್ರಹದ ಬಗ್ಗೆಯೇ ಲೈನ್ ಮಾತಾಡಬೇಕಿತ್ತು. ಅವರು ಎದ್ದು ನಿಂತು, ಗ್ರಹ ಇಲ್ಲ, ಎಲ್ಲಿ ಎಡವಿದೆವು ಅಂದರೆ ಇಲ್ಲಿ ಅಂತ ವಿವರಿಸಿದರು. ಸಭೆ ದೀರ್ಘವಾಗಿ ಚಪ್ಪಾಳೆ ತಟ್ಟಿತು. ಅದೇ ಸಮ್ಮೇಳನದಲ್ಲಿ ವೋಲ್ಶ್ಚಾನ್ ಇನ್ನೊಂದು ಪಲ್ಸಾರ್ ಸುತ್ತ ನಿಜವಾದ ಗ್ರಹಗಳ ವಿಷಯ ಹೇಳಿದರು. ಅವು ಇವತ್ತಿಗೂ ನಿಂತಿವೆ.

ಗೈಡ್, ಥೀಸಿಸ್, ವೈವಾ

ವಿಷಯ ನೋಡಿ ಗೈಡ್ ಆರಿಸಬೇಡಿ. ಗೈಡ್ ನೋಡಿ ವಿಷಯ ಆರಿಸಿ. ಕಪ್ಪುಕುಳಿಯ ಪ್ರಾಜೆಕ್ಟ್ ಕೊಟ್ಟು ಎರಡು ತಿಂಗಳಿಗೊಮ್ಮೆ ಸಿಗುವವರಿಗಿಂತ, ಮಂದ ನಕ್ಷತ್ರದ ಪ್ರಾಜೆಕ್ಟ್ ಕೊಟ್ಟು ವಾರಕ್ಕೊಮ್ಮೆ ನಿಮ್ಮ ಗ್ರಾಫ್ ನೋಡುವವರು ಎಷ್ಟೋ ವಾಸಿ. ಅವರ ಕೈಕೆಳಗೆ ಮೊದಲು ಕೆಲಸ ಮಾಡಿದವರನ್ನು ವಿಚಾರಿಸಿ.

ಸಂಶೋಧನಾ ಲೇಖನಗಳು 1990ರ ದಶಕದಿಂದ ಆರ್‌ಕೈವ್ ತಾಣದಲ್ಲಿ ಉಚಿತವಾಗಿ ಸಿಗುತ್ತಿವೆ. ಮೊದಲಿಂದ ಕೊನೆವರೆಗೆ ಓದಲು ಹೋದರೆ ಮೊದಲ ತಿಂಗಳೇ ಸುಸ್ತು. ಸಾರಾಂಶ ಓದಿ, ಚಿತ್ರಗಳನ್ನು ನೋಡಿ, ಕೊನೆಯ ಭಾಗ ಓದಿ. ಬೇಕು ಅನಿಸಿದರೆ ಮಾತ್ರ ನಡುವೆ ಇಳಿಯಿರಿ. ಬರೆಯುವುದನ್ನು ಕೊನೆಯ ತಿಂಗಳಿಗೆ ಇಟ್ಟುಕೊಳ್ಳಬೇಡಿ. ಇದನ್ನು ಎಲ್ಲರೂ ಹೇಳುತ್ತಾರೆ, ಯಾರೂ ಕೇಳುವುದಿಲ್ಲ, ಆದರೂ ಹೇಳಿದ್ದೇನೆ.

ವೈವಾದಲ್ಲಿ ಕಷ್ಟದ ಪ್ರಶ್ನೆಗಳಿಗಿಂತ ಸುಲಭದ ಪ್ರಶ್ನೆಗಳೇ ಜನರನ್ನು ಬೀಳಿಸುತ್ತವೆ. ನಕ್ಷತ್ರ ಯಾಕೆ ಕುಸಿದು ಬೀಳುವುದಿಲ್ಲ? ಈ ಗ್ರಾಫಿನ ಎರರ್ ಬಾರ್ (ಎಷ್ಟು ತಪ್ಪಿರಬಹುದು ಅಂತ ತೋರಿಸುವ ಗೆರೆ) ಎಲ್ಲಿಂದ ಬಂತು? ಎರಡನೆಯದಕ್ಕೆ "ಸಾಫ್ಟ್‌ವೇರ್ ಕೊಟ್ಟಿತು" ಅಂದರೆ ಪರೀಕ್ಷಕರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ. ಅದು ಒಳ್ಳೆಯ ಲಕ್ಷಣ ಅಲ್ಲ.

ಪದವಿ ಮಟ್ಟದಲ್ಲಿ ನಿಜವಾದ ಕೆಲಸ ಸಾಧ್ಯವಾ ಅಂತ ಕೇಳುವವರಿಗೆ ಒಂದು ಹೆಸರು. ಸುಬ್ರಹ್ಮಣ್ಯನ್ ಚಂದ್ರಶೇಖರ್ ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತಶಾಸ್ತ್ರದ ಆನರ್ಸ್ ಓದುತ್ತಿದ್ದಾಗ, 1928ರಲ್ಲಿ, ಜರ್ಮನಿಯ ಸೊಮರ್‌ಫೆಲ್ಡ್ ಅಲ್ಲಿಗೆ ಬಂದರು. ನೀನು ಪುಸ್ತಕದಲ್ಲಿ ಓದಿದ್ದೆಲ್ಲ ಹಳತಾಯಿತು, ಕ್ವಾಂಟಮ್ ಮೆಕ್ಯಾನಿಕ್ಸ್ ಬಂದಿದೆ ಅಂತ ಅವರಿಂದ ತಿಳಿಯಿತು. ಹುಡುಗ ಅಲ್ಲಿಂದಲೇ ಹೊಸದನ್ನು ಹಿಡಿದು ಓದಿದರು. 1930ರಲ್ಲಿ ಆನರ್ಸ್ ಮುಗಿಸಿ ಇಂಗ್ಲೆಂಡಿಗೆ ಹಡಗು ಹತ್ತಿದಾಗ ವಯಸ್ಸು 19. ಇಂಧನ ಮುಗಿದು ಕುಗ್ಗಿದ ಶ್ವೇತಕುಬ್ಜ ನಕ್ಷತ್ರಕ್ಕೆ ಇದಕ್ಕಿಂತ ಜಾಸ್ತಿ ಭಾರ ಇರಲು ಸಾಧ್ಯವಿಲ್ಲ ಅನ್ನುವ ಲೆಕ್ಕ ಹಡಗಿನಲ್ಲೇ ಮೊಳೆಯಿತು. ಇವತ್ತಿನ ಲೆಕ್ಕದಲ್ಲಿ ಆ ಮಿತಿ ಸೂರ್ಯನ 1.4 ಪಟ್ಟು. ನೊಬೆಲ್ ಬಂದಿದ್ದು 1983ರಲ್ಲಿ. ಎಲ್ಲರೂ ಚಂದ್ರಶೇಖರ್ ಆಗುವುದಿಲ್ಲ, ಗೊತ್ತು. ಆದರೆ ಅವರು ಬಳಸಿದ್ದು ನಿಮ್ಮ ಪಠ್ಯದಲ್ಲೇ ಇರುವ ಕ್ವಾಂಟಮ್ ಮೆಕ್ಯಾನಿಕ್ಸ್ ಮತ್ತು ಸಾಪೇಕ್ಷತೆ.

ಸಭೆಯಿಂದ ಬಂದ ಪ್ರಶ್ನೆಗಳು

*ಸರ್, ದೂರದರ್ಶಕ ಕೊಳ್ಳಬೇಕಾ?*
ಓದಿಗೆ ಬೇಕಿಲ್ಲ. ಖುಷಿಗೆ ಬೇಕಿದ್ದರೆ ಮೊದಲು ಒಂದು ಬೈನಾಕ್ಯುಲರ್ ಸಾಕು. ಆದರೆ ಆಕಾಶ ಗುರುತಿಸಲು ಬರದ ಖಭೌತ ವಿಜ್ಞಾನಿಗಳನ್ನು ನೋಡಿದರೆ ನನಗೆ ಸ್ವಲ್ಪ ಬೇಸರವಾಗುತ್ತದೆ. ಅಂಥವರು ಕಡಿಮೆಯೇನಿಲ್ಲ.

*ಗಣಿತ ಅಷ್ಟಕ್ಕಷ್ಟೇ. ಆಗುತ್ತಾ?*
ಅಷ್ಟಕ್ಕಷ್ಟೇ ಅಂದರೆ ನಿಧಾನವಾ, ಇಷ್ಟವೇ ಇಲ್ಲವಾ? ನಿಧಾನ ಆದರೆ ಚಿಂತೆಯಿಲ್ಲ, ಸಮಯ ಸಿಗುತ್ತದೆ. ಇಷ್ಟವೇ ಇಲ್ಲ ಅಂದರೆ ಈ ಓದು ದಿನಾ ಹಿಂಸೆ. ಸಂಖ್ಯಾಶಾಸ್ತ್ರವನ್ನು ಮಾತ್ರ ಯಾರೂ ತಪ್ಪಿಸಿಕೊಳ್ಳುವ ಹಾಗಿಲ್ಲ.

*ಈಗಲೇ ಏನಾದರೂ ಶುರು ಮಾಡಬಹುದಾ?*
ಖಂಡಿತ. ಗಾಯಾ ಡೇಟಾ ತೆರೆದಿದೆ ಅಂದೆನಲ್ಲ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಮೊದಲ ಗುರುತ್ವ ಅಲೆಯ ಡೇಟಾ ಕೂಡ ಎಲ್ಲರಿಗೂ ಸಿಗುತ್ತದೆ. ಇಡೀ ಘಟನೆ ಕಣ್ಣು ಮಿಟುಕಿಸುವಷ್ಟು ಹೊತ್ತಿನದು, ಸುಮಾರು 0.2 ಸೆಕೆಂಡ್. ಗದ್ದಲದ ನಡುವಿಂದ ಅದನ್ನು ಹೊರತೆಗೆಯುವ ಪಾಠಗಳೂ ಅಲ್ಲೇ ಇವೆ.

*(ಒಬ್ಬ ತಾಯಿ) ಓದು ಮುಗಿದ ಮೇಲೆ ಕೆಲಸ ಸಿಗುತ್ತಾ?*
ನೇರವಾಗಿ ಹೇಳುತ್ತೇನಮ್ಮಾ. ಖಭೌತ ವಿಜ್ಞಾನಿಯಾಗಿಯೇ ಉಳಿಯುವವರು ಕಡಿಮೆ. ಅದಕ್ಕೆ ಪಿಎಚ್‌ಡಿ ಬೇಕು, ಆಮೇಲೆ ಕೆಲವು ವರ್ಷ ಪೋಸ್ಟ್‌ಡಾಕ್ ಅನ್ನುವ ತಾತ್ಕಾಲಿಕ ಸಂಶೋಧನೆಯ ಕೆಲಸ, ಅದೂ ಊರೂರು, ದೇಶ ದೇಶ ಸುತ್ತಿಕೊಂಡು. ಕಾಯಂ ಹುದ್ದೆಗಳು ಬೆರಳೆಣಿಕೆ. ಉಳಿದವರು ಡೇಟಾ ಕೆಲಸ, ಸಾಫ್ಟ್‌ವೇರ್, ಹಣಕಾಸು, ವೈದ್ಯಕೀಯ ಚಿತ್ರಣ, ಪಾಠ ಹೇಳುವುದು ಹೀಗೆ ಹರಡಿಕೊಳ್ಳುತ್ತಾರೆ. ಕೆಟ್ಟ ಬದುಕೇನಲ್ಲ. ಆದರೆ ನಕ್ಷತ್ರ ಬಿಟ್ಟು ಬೇರೇನೂ ಬೇಡ ಅನ್ನುವ ಮಗುವಿಗೆ ಇದು ಮೊದಲೇ ತಿಳಿದಿರಬೇಕು. ಸೇರಿಸುವ ಮುಂಚೆ ಆ ವಿಭಾಗಕ್ಕೆ ಒಮ್ಮೆ ಹೋಗಿ ಬನ್ನಿ. ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಅಂತ ಕೇಳಿ. ಅವರು ಬರೆದ ಥೀಸಿಸ್‌ಗಳಲ್ಲಿ ಒಂದೆರಡನ್ನು ನಿಮ್ಮ ಮಗಳು ತಿರುವಿಹಾಕಲಿ. ಇಂಥದ್ದನ್ನು ಒಂದು ವರ್ಷ ಕೂತು ಮಾಡಬಲ್ಲೆನಾ ಅಂತ ಅವಳಿಗೇ ಒಂದು ಅಂದಾಜು ಸಿಗುತ್ತದೆ.